ತುಂಗೆಯ ತೀರದಲ್ಲಿ ಕಾರಿರುಳು.... ಕೈಯಲ್ಲಿ ಕ್ಯಾಮೆರಾ!

ಬೆಳ್ಳಿತೆರೆಯ ಮೇಲೆ ನಡುರಾತ್ರಿ. ನಾಯಕ ಹೊಳೆ ದಂಡೆಗೆ ಬರ್ತಾನೆ. ನಾಯಕಿ ಕಾಯ್ತಾ ನಿಂತಿದಾಳೆ. ಮೇಲೆ ಬೆಳದಿಂಗಳು, ಕೆಳಗೆ ಮಿರಿಮಿರಿ ಮಿಂಚೋ ನೀರು. ಗಾಂಧಿ ಕ್ಲಾಸಿನಲ್ಲಿ ಕೂತ ನೀವು ಶಿಳ್ಳೆ ಹೊಡೀತೀರಿ. ಹೊಡೀರಿ, ಯಾರು ಬೇಡ ಅಂದ್ರು? ಆದರೆ ಚಿತ್ರರಸಿಕ ಮಿತ್ರರೇ, ಒಂದು ಗುಟ್ಟು ಹೇಳ್ತೀನಿ ಕೇಳಿ. ಹಳೇ ಚಿತ್ರಗಳಲ್ಲಿ ಆ ಬೆಳದಿಂಗಳು ಎಷ್ಟೋ ಸಲ ಚಂದ್ರನದಲ್ಲ. ಮಟಮಟ ಮಧ್ಯಾಹ್ನದ ಸೂರ್ಯನದು!

ಹೌದು ಸ್ವಾಮಿ. ಕಪ್ಪು ಬಿಳುಪಿನ ಕಾಲದಲ್ಲಿ ಹೊರಾಂಗಣದ ರಾತ್ರಿಯನ್ನ ಹಗಲಲ್ಲೇ ತೆಗೀತಿದ್ದರು. ಲೆನ್ಸಿನ ಮುಂದೆ ಒಂದು ಕೆಂಪು ಫಿಲ್ಟರ್ ಸಿಕ್ಕಿಸಿದರೆ ನೀಲಿ ಆಕಾಶ ಕಪ್ಪಗಾಗುತ್ತೆ. ಬೆಳಕು ಒಳಗೆ ಬಿಡೋ ಕಿಂಡಿಯನ್ನ ಎರಡು ಸ್ಟಾಪು ಕಿರಿದು ಮಾಡಿದರೆ ಮಿಕ್ಕಿದ್ದೆಲ್ಲ ಮಸುಕು. ಸೂರ್ಯ ನಟರ ಬೆನ್ನ ಹಿಂದೆ ಇರೋ ಹಾಗೆ ನಿಲ್ಲಿಸಿದರೆ ಕೂದಲಂಚಿಗೆ ಬೆಳ್ಳಿ ಗೆರೆ. ಮುಗೀತು, ಬೆಳದಿಂಗಳು ರೆಡಿ! ಬಣ್ಣ ಬಂದ ಮೇಲೆ ಕೆಂಪಿನ ಜಾಗಕ್ಕೆ ನೀಲಿ ಬಂತು, ಅಷ್ಟೇ ವ್ಯತ್ಯಾಸ. ಹಾಲಿವುಡ್ಡಿನವರು ಇದಕ್ಕೆ ‘ಡೇ ಫಾರ್ ನೈಟ್’ ಅಂದರು. ಫ್ರಾನ್ಸಿನವರು ‘ಅಮೆರಿಕನ್ ರಾತ್ರಿ’ ಅಂತ ಹೆಸರಿಟ್ಟರು. ತ್ರುಫೋ 1973ರಲ್ಲಿ ಅದೇ ಹೆಸರಿನ ಒಂದು ಚಿತ್ರವನ್ನೇ ತೆಗೆದ. ಮುಂದಿನ ಸಲ ಹಳೇ ಚಿತ್ರ ನೋಡುವಾಗ ಕಥೆ ಬಿಟ್ಟು ಮರಳಿನ ಮೇಲೆ ಬಿದ್ದ ನೆರಳನ್ನ ನೋಡಿ. ಕತ್ತರಿಸಿಟ್ಟ ಹಾಗೆ ಚೂಪಾಗಿದ್ದರೆ, ಹಿಂದಿನ ಮನೆಗಳ ಕಿಟಕಿಯಲ್ಲಿ ಒಂದು ದೀಪವೂ ಇಲ್ಲದಿದ್ದರೆ.... ಸಿಕ್ಕಿಬಿದ್ದ ಕ್ಯಾಮೆರಾಮನ್!

ಅವರನ್ನ ದೂರೋದು ಸರಿಯಲ್ಲ. ಫಿಲ್ಮು ನಿಧಾನ, ಜನರೇಟರಿನ ಬಾಡಿಗೆ ದುಬಾರಿ, ನಿರ್ಮಾಪಕರ ಜೇಬು ತೂತು. ಇದ್ದದ್ದರಲ್ಲಿ ಇರುಳು ಸೃಷ್ಟಿ ಮಾಡಿದರು.

ನಾನು ಮಾಡೋದು ಇದರ ತದ್ವಿರುದ್ಧದ ಕೆಲಸ. ನಿಜವಾದ ರಾತ್ರಿಯನ್ನ, ನಿಜವಾದ ನೀರಿನ ಪಕ್ಕ, ಸ್ಟ್ಯಾಂಡಿಲ್ಲದೆ, ಫ್ಲ್ಯಾಷಿಲ್ಲದೆ, ಬರೀ ಕೈಯಲ್ಲಿ ಹಿಡಿದು ತೆಗೆಯೋದು. ಅದಕ್ಕೆ ಪ್ರತಿ ವರ್ಷ ಎಳ್ಳಮಾವಾಸ್ಯೆ ಕಾಯ್ತೀನಿ.

ಹುಲಿಕಲ್ಲಿಂದ ತೀರ್ಥಹಳ್ಳಿಗೆ

ನಮ್ಮೂರು ಹುಲಿಕಲ್. ಹೊಸನಗರ ತಾಲ್ಲೂಕು, ಘಾಟಿಯ ನೆತ್ತಿ. ಮಳೆ ಅಂದರೆ ಆಗುಂಬೆ ಅಂತ ಎಲ್ಲರೂ ಬಾಯಿಪಾಠ ಹೇಳ್ತಾರೆ. ವರ್ಷಕ್ಕೆ 6000 ಮಿಲಿಮೀಟರ್ ದಾಟೋ ನಮ್ಮೂರಿನ ಮಳೆಯ ಸುದ್ದಿ ಎಷ್ಟು ಜನಕ್ಕೆ ಗೊತ್ತು? ಮಳೆಗಾಲದಲ್ಲಿ ಇಲ್ಲಿ ಕ್ಯಾಮೆರಾ ಸಾಕೋದು ಹಸುಗೂಸು ಸಾಕಿದ ಹಾಗೆ. ಒಂದು ತಿಂಗಳು ಚೀಲದೊಳಗೇ ಬಿಟ್ಟರೆ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತೆ. ಗಾಳಿಯಾಡದ ಡಬ್ಬಿ, ಅದರೊಳಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ, ವಾರಕ್ಕೊಮ್ಮೆ ಪೊಟ್ಟಣ ಬಿಸಿ ಮಾಡಿ ಒಣಗಿಸೋದು.... ಇಷ್ಟು ಸೇವೆ ಮಾಡಿದರೆ ಜನವರಿಗೆ ಲೆನ್ಸು ಉಳಿದಿರುತ್ತೆ.

ಎಳ್ಳಮಾವಾಸ್ಯೆ ಬರೋದು ಡಿಸೆಂಬರ್ ಅಥವಾ ಜನವರಿಯಲ್ಲಿ. ಅಷ್ಟೊತ್ತಿಗೆ ಮಳೆ ಮರೆತುಹೋಗಿರುತ್ತೆ. ಮಾಸ್ತಿಕಟ್ಟೆ, ಯಡೂರು ದಾಟಿ ಬಸ್ಸು ತೀರ್ಥಹಳ್ಳಿ ಸೇರಿದರೆ ಊರೆಲ್ಲ ಜಾತ್ರೆ. ರಾಮೇಶ್ವರ ದೇವರ ಈ ಜಾತ್ರೆ ಮೂರು ದಿನದ್ದು. ಮೊದಲ ದಿನ ತುಂಗೆಯ ರಾಮಕುಂಡದಲ್ಲಿ ತೀರ್ಥಸ್ನಾನ. ಪರಶುರಾಮ ತನ್ನ ಕೊಡಲಿಗೆ ಅಂಟಿದ್ದ ಕೊನೇ ರಕ್ತದ ಕಲೆ ತೊಳೆದದ್ದು ಇಲ್ಲೇ ಅನ್ನೋದು ನಂಬಿಕೆ. ಎರಡನೇ ದಿನ ರಥ. ಮೂರನೇ ದಿನ ರಾತ್ರಿ ತೆಪ್ಪೋತ್ಸವ. ನನಗೆ ಬೇಕಾದ್ದು ಆ ಮೂರನೇ ರಾತ್ರಿ.

ಯಾಕೆ ಅಂತೀರಾ? ಲೆಕ್ಕ ಹಾಕಿ. ಅಮಾವಾಸ್ಯೆ ಕಳೆದು ಎರಡೇ ದಿನ. ಎಳೆ ಚಂದ್ರ ಕಂಡರೂ ಉಗುರಿನಷ್ಟು, ಅದೂ ಸಂಜೆಗೇ ಪಶ್ಚಿಮಕ್ಕೆ ಜಾರಿಬಿಟ್ಟಿರುತ್ತಾನೆ. ಅಂದರೆ ಆಕಾಶದಿಂದ ಚೂರು ಬೆಳಕೂ ಸಿಕ್ಕೋದಿಲ್ಲ. ಆ ರಾತ್ರಿ ತುಂಗೆಯ ಮೇಲೆ ಕಾಣೋ ಬೆಳಕೆಲ್ಲ ಮನುಷ್ಯ ಹಚ್ಚಿದ್ದು. ತೆಪ್ಪದ ಮೇಲಿನ ದೀಪ, ದಂಡೆಯ ಸೀರಿಯಲ್ ಸೆಟ್ಟು, ಅಂಗಡಿಗಳ ಬಲ್ಬು, ಕಮಾನು ಸೇತುವೆಯ ಕಡೆಯ ಬೀದಿದೀಪ, ಮೇಲೆ ಸಿಡಿಯೋ ಬಾಣಬಿರುಸು. ನೀರು ಪೂರಾ ಕಪ್ಪು. ಆ ಕಪ್ಪಿನ ಮೇಲೆ ಈ ದೀಪಗಳ ಬಿಂಬ ಉದ್ದಕ್ಕೆ ಎಳೆದ ಬಂಗಾರದ ಸರಿಗೆ! ಯಾವ ಕಲಾನಿರ್ದೇಶಕ ಹಾಕ್ತಾನ್ರೀ ಇಂಥ ಸೆಟ್ಟು?

ಅವನು ಕೇಳಿದ ಫೋಟೋ

ನನ್ನ ಸ್ನೇಹಿತನೊಬ್ಬನಿದಾನೆ. ಹೆಸರು ಬೇಡ, ಓದಿದರೆ ಬೈತಾನೆ. ನಮ್ಮ ಘಾಟಿ ಇಳಿದರೆ ಸಿಗೋ ಹೊಸಂಗಡಿಯ ಹತ್ತಿರ ವಾರಾಹಿಯ ನೀರಿನಿಂದ ಕರೆಂಟು ತೆಗೆಯೋ ಭೂಗರ್ಭ ವಿದ್ಯುದಾಗಾರ ಇದೆಯಲ್ಲ, 1989ರಿಂದ ನಡೀತಿರೋದು, 115 ಮೆಗಾವ್ಯಾಟಿನ ನಾಲ್ಕು ಯಂತ್ರಗಳದು.... ಅಂಥ ಕಡೆ ಅವನ ಕೆಲಸ. ಪಾಳಿ ಕೆಲಸ. ನಾಲ್ಕು ವರ್ಷದಿಂದ ತೆಪ್ಪದ ದಿನಕ್ಕೆ ಸರಿಯಾಗಿ ಅವನಿಗೆ ರಾತ್ರಿ ಪಾಳಿ ಬರ್ತಿದೆ. ಯಾರ ತಪ್ಪೂ ಅಲ್ಲ, ಪಂಚಾಂಗಕ್ಕೂ ಪಾಳಿಪಟ್ಟಿಗೂ ಬಿದ್ದ ಗಂಟು ಅದು.

“ನಮ್ಮ ಕಡೆ ಹಗಲೂ ಇಲ್ಲ, ರಾತ್ರಿನೂ ಇಲ್ಲ ಮಾರಾಯ, ಬರೀ ಟ್ಯೂಬ್‌ಲೈಟು” ಅಂತ ಒಂದು ದಿನ ಅಂದ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದನಂತೆ. ಸುತ್ತ ಏನೂ ಕಾಣದ ಕತ್ತಲೆ, ಜನರ ಗುಜುಗುಜು ಮಾತ್ರ. ಆ ಕತ್ತಲೆಯೊಳಗಿಂದ ತೆಪ್ಪ ಮೆಲ್ಲಗೆ ತೇಲಿ ಬಂತಂತೆ. ಅಪ್ಪ ಈಗಿಲ್ಲ. ಮನೆಯಲ್ಲಿ ಆ ಕಾಲದ ಒಂದು ಫೋಟೋವೂ ಇಲ್ಲ. ಮನೆಯವರೆಲ್ಲ ಜಾತ್ರೆಗೆ ಹೋಗಿ ಮೊಬೈಲಿನಲ್ಲಿ ರಾಶಿ ರಾಶಿ ಫೋಟೋ ತಂದು ತೋರಿಸಿದರೆ ಇವನು ಮುಖ ತಿರುಗಿಸಿದ. “ಎಂತ ಇದು, ಹಗಲಲ್ಲಿ ತೆಗೆದ ಹಾಗೆ ಉಂಟು! ಇದು ನಮ್ಮ ತೆಪ್ಪ ಅಲ್ಲ. ನೀನೊಂದು ತೆಗೆದು ಕೊಡು. ಆ ಕತ್ತಲೆ ಬೇಕು ನನಗೆ.”

ಕತ್ತಲೆ ಬೇಕು! ಫೋಟೋ ಅಂದರೆ ಬೆಳಕು ಅಂತ ಎಲ್ಲರೂ ಓದಿರೋವಾಗ ಈ ಗಿರಾಕಿ ಕತ್ತಲೆ ಕೇಳ್ತಾನೆ.

ಆದರೆ ಅವನ ಮಾತಿನಲ್ಲಿ ಹುರುಳಿದೆ. ಈಗಿನ ಫೋನುಗಳ ‘ನೈಟ್ ಮೋಡ್’ ಮಾಡೋ ಕೆಲಸ ನೋಡಿ. 2018ರಲ್ಲಿ ಗೂಗಲ್‌ನವರು ತಮ್ಮ ಪಿಕ್ಸೆಲ್ ಫೋನುಗಳಿಗೆ ‘ನೈಟ್ ಸೈಟ್’ ಅಂತ ಒಂದನ್ನ ಬಿಟ್ಟರು. ಗುಂಡಿ ಒತ್ತಿದರೆ ಫೋನು ಒಂದರ ಹಿಂದೊಂದು 15ರವರೆಗೂ ಚಿತ್ರ ತೆಗೆದು, ಕೈ ನಡುಕದಲ್ಲಿ ಆಚೀಚೆ ಸರಿದಿದ್ದನ್ನ ಸರಿಹೊಂದಿಸಿ, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ಒಂದು ಚಿತ್ರ ಕೊಡುತ್ತೆ. ಉಳಿದ ಕಂಪನಿಗಳ ಫೋನುಗಳಲ್ಲೂ ಇಂಥದ್ದೇ ವಿದ್ಯೆ ಬಂದಿದೆ. ವಿದ್ಯೆ ದೊಡ್ಡದೇ, ಕೈಮುಗೀತೀನಿ. ಆದರೆ ಅದಕ್ಕೆ ಕತ್ತಲೆ ಕಂಡರಾಗದು. ಆಚೆ ದಡದ ಕುರುವಳ್ಳಿ ಕಡೆಯ ಮರಗಳ ಎಲೆ ಕಾಣಿಸುತ್ತೆ, ನೀರು ಬೂದಿ ಬಣ್ಣಕ್ಕೆ ತಿರುಗುತ್ತೆ, ಮೋಡ ಹಗಲಿನ ಹಾಗೆ ಬೆಳ್ಳಗಾಗುತ್ತೆ. ಆಗಿನ ಸಿನಿಮಾದವರು ಹಗಲನ್ನ ರಾತ್ರಿ ಮಾಡಿದರು. ಈಗಿನ ಫೋನು ರಾತ್ರಿಯನ್ನ ಹಗಲು ಮಾಡುತ್ತೆ! ಎರಡರ ನಡುವೆ ಅಸಲಿ ರಾತ್ರಿ ಎಲ್ಲಿ ಹೋಯ್ತು ಅಂತ ನಮ್ಮ ಸ್ನೇಹಿತ ಕೇಳ್ತಿದಾನೆ. ಅವನಿಗೋಸ್ಕರ ಆ ವರ್ಷ ನಾನು ಹೊರಟಿದ್ದು.

ಫ್ಲ್ಯಾಷಿಗೆ ಟಾಟಾ, ಸ್ಟ್ಯಾಂಡಿಗೂ ಟಾಟಾ

ಮೊದಲು ಫ್ಲ್ಯಾಷಿನ ಕಥೆ ಮುಗಿಸಿಬಿಡೋಣ. ಸೇತುವೆ ಮೇಲೆ ನಿಂತ ಪಡ್ಡೆ ಹೈಕಳು ತೆಪ್ಪದ ಕಡೆ ಫಳಕ್ ಫಳಕ್ ಅಂತ ಫ್ಲ್ಯಾಷು ಹೊಡೀತಾನೇ ಇರ್ತಾರೆ. ಪಾಪ, ಫೋನಿನ ಆ ಪುಟಾಣಿ ದೀಪ ಹತ್ತು ಹದಿನೈದು ಅಡಿ ಹೋಗೋದೇ ಹೆಚ್ಚು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು, ಮೂರರಷ್ಟಾದರೆ ಒಂಬತ್ತರಲ್ಲೊಂದು. ಹೊಳೆ ಮಧ್ಯದ ತೆಪ್ಪಕ್ಕೆ ಅದು ಮುಟ್ಟೋದು ನಾಳೆ ಬೆಳಿಗ್ಗೆ. ಮುಟ್ಟೋದು ಯಾರಿಗೆ ಗೊತ್ತೆ? ಮುಂದೆ ನಿಂತಿರೋ ಅಪರಿಚಿತನ ಬೋಳು ತಲೆಗೆ! ಚಿತ್ರದಲ್ಲಿ ಅದೊಂದು ಪೂರ್ಣಚಂದ್ರನ ಹಾಗೆ ಹೊಳೀತಾ ಇರುತ್ತೆ, ಹಿಂದೆ ಎಲ್ಲ ಖಾಲಿ.

ಟ್ರೈಪಾಡ್ ಸ್ಟ್ಯಾಂಡು? ಸಾವಿರಾರು ಜನ ಒತ್ತೊತ್ತಾಗಿ ನಿಂತ ಹೊಳೆ ದಂಡೆಯಲ್ಲಿ ಮೂರು ಕಾಲು ಅಗಲಿಸಿ ನಿಲ್ಲಿಸಿ ನೋಡಿ. ಮೊದಲನೇ ಕಾಲಿಗೆ ಅಜ್ಜಿ ಎಡವಿರ್ತಾಳೆ, ಎರಡನೇ ಕಾಲನ್ನ ಮಗು ಎಳೆದಿರುತ್ತೆ, ಮೂರನೇದು ಯಾರದೋ ಕಾಲ ಮೇಲೆ. 1930ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಬ್ರಸಾಯಿ ಅಂತ ಒಬ್ಬ ಇದ್ದ. ರಾತ್ರಿಯೆಲ್ಲ ಬೀದಿ ಬೀದಿ, ಸೆನ್ ಹೊಳೆಯ ದಂಡೆ ಅಲೆದು ತೆಗೆದ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಶಟರು ತೆರೆದು, ಸಿಗರೇಟು ಹಚ್ಚುತ್ತಿದ್ದನಂತೆ. ಒಂದು ಸಿಗರೇಟು ಮುಗಿದರೆ ಚಿತ್ರ ಮುಗೀತು. ಬೆಳಕು ಕಮ್ಮಿ ಇದ್ದರೆ ದಪ್ಪ ಸಿಗರೇಟು! ಅವನಿಗೆ ಖಾಲಿ ಬೀದಿ, ನಿರ್ಜನ ಸೇತುವೆ. ನಮಗೆ ಜಾತ್ರೆ. ಒಂದು ಬೀಡಿ ಮುಗಿಯೋ ತನಕ ಶಟರು ತೆರೆದಿಟ್ಟರೆ ಜನರೆಲ್ಲ ಹೊಗೆಯ ಹಾಗೆ ಕರಗಿಹೋಗ್ತಾರೆ.

ಹಾಗಾಗಿ ಕೈಯೇ ಗತಿ.

ಕೈಯನ್ನೇ ಕಲ್ಲು ಮಾಡೋದು

ನನ್ನ ಬಳಿ ಇರೋದು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ಡಿಜಿಟಲ್ ಕ್ಯಾಮೆರಾ, ಅದಕ್ಕೊಂದು 50 ಎಂಎಂ ಲೆನ್ಸು, ಎಫ್ 1.8ರದ್ದು. ನೋಡೋಕೆ ಗಿಡ್ಡ, ಝೂಮಿಲ್ಲ, ಹುಡುಗೀರ ಮುಂದೆ ಹಿಡಿದರೆ ಗತ್ತೂ ಇಲ್ಲ. ಆದರೆ ಕ್ಯಾಮೆರಾ ಜೊತೆ ಬರೋ ಮಾಮೂಲಿ ಝೂಮಿನ ಎಫ್ 3.5ಕ್ಕೆ ಹೋಲಿಸಿದರೆ ಹತ್ತಿರಹತ್ತಿರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತೆ. ರಾತ್ರಿಯಲ್ಲಿ ಅದೇ ಬಂಗಾರ. ಝೂಮು ಬೇಕಾದರೆ ಎರಡು ಹೆಜ್ಜೆ ಮುಂದೆ ನಡೀರಿ, ದೇವರು ಕಾಲು ಕೊಟ್ಟಿಲ್ವೆ?

ಲೆನ್ಸು ಎಷ್ಟು ಎಂಎಂ ಇದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನ ಬೇಡ ಅಂತ ಹಳಬರ ಲೆಕ್ಕ. 50 ಎಂಎಂ ಅಂದರೆ 1/50. ಸಣ್ಣ ಸೆನ್ಸರಿನ ಡಿಜಿಟಲ್ಲಿನಲ್ಲಿ ಅದನ್ನ 1/80 ಅಂತ ಹಿಡಿಯೋದು ಕ್ಷೇಮ. ಆದರೆ ರಾತ್ರಿ ನಿಮ್ಮ ಲೆಕ್ಕ ಕೇಳೋಲ್ಲ. 400 ಎಎಸ್ಎ ಫಿಲ್ಮು ಹಾಕಿ ಎಫ್ 2 ಇಟ್ಟರೆ ಹಣತೆಯ ಬೆಳಕು ಬಿದ್ದ ಮುಖಕ್ಕೆ 1/15 ಬೇಕು. 1/15ಕ್ಕೆ ಕೈ ನಡುಗದೆ ಇರೋನು ಶಿಲಾಬಾಲಿಕೆ ಮಾತ್ರ. ಡಿಜಿಟಲ್ಲಿನಲ್ಲಿ ಐಎಸ್ಓ 1600ಕ್ಕೆ ಏರಿಸಿದರೆ ಅದೇ ಮುಖ 1/60ಕ್ಕೆ ಬರುತ್ತೆ. ಕಾಳು ಕಾಳಾಗಿ ಕಾಣುತ್ತೆ ಅಂತ ಹೆದರಬೇಡಿ. ಕಾಳಿನ ಚಿತ್ರ ಚಿತ್ರವೇ. ಅಲ್ಲಾಡಿದ ಚಿತ್ರ ಅಲ್ಲಾಡಿದ್ದೇ.

ಇನ್ನು ನಿಲ್ಲೋ ವಿದ್ಯೆ. ಇದನ್ನ ನನಗೆ ಹೇಳಿಕೊಟ್ಟಿದ್ದು ಒಬ್ಬ ಹಳೇ ಸ್ಟುಡಿಯೋ ಯಜಮಾನರು. ಫಿಲ್ಮಿನ ಕಾಲದಲ್ಲಿ ಮದುವೆ ಮನೆಯ ದೀಪದ ಬೆಳಕಲ್ಲೇ ಫೋಟೋ ತೆಗೀತಿದ್ದ ಮನುಷ್ಯ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ ಇಟ್ಟುಕೋ. ಎಡ ಅಂಗೈ ಲೆನ್ಸಿನ ಕೆಳಗೆ ತಟ್ಟೆಯ ಹಾಗೆ ಇರಲಿ. ಕ್ಯಾಮೆರಾದ ಪಟ್ಟಿ ಕತ್ತಿನ ಹಿಂದೆ ಬಿಗಿಯಾಗೋ ಹಾಗೆ ಮುಂದಕ್ಕೆ ಎಳೆದು ಹಿಡಿ. ಹೆಗಲನ್ನ ಒಂದು ಕಂಬಕ್ಕೋ ಗೋಡೆಗೋ ಆನಿಸು. ಉಸಿರು ಒಳಗೆ ಎಳೆದು, ಅರ್ಧ ಹೊರಗೆ ಬಿಟ್ಟು, ಅಲ್ಲೇ ನಿಲ್ಲಿಸು. ಗುಂಡಿಯನ್ನ ಕುಟ್ಟಬೇಡ, ಮಾಗಿದ ಹಣ್ಣು ಹಿಚುಕಿ ನೋಡ್ತೀವಲ್ಲ, ಹಾಗೆ ಒತ್ತು. ಒಂದೇ ಸಲಕ್ಕೆ ನಾಲ್ಕು ಚಿತ್ರ ಹೋಗಲಿ. ಮೊದಲನೇದು ಒತ್ತಿದ ಅದುರಿಗೆ ಹಾಳು, ಕೊನೇದು ಬೆರಳು ಎತ್ತಿದ ಅದುರಿಗೆ ಹಾಳು, ನಡುವಿನ ಎರಡರಲ್ಲಿ ಒಂದು ಗಟ್ಟಿ ನಿಲ್ಲುತ್ತೆ.

ಅವರದೇ ಇನ್ನೊಂದು ಉಪಾಯ ಐದು ಪೈಸೆ ಖರ್ಚಿಲ್ಲದ್ದು. ಕ್ಯಾಮೆರಾದ ಬುಡದಲ್ಲಿ ಸ್ಟ್ಯಾಂಡಿಗೆ ಅಂತ ಒಂದು ತೂತು ಇರುತ್ತಲ್ಲ, ಅದಕ್ಕೆ ಕಾಲು ಇಂಚಿನ ಗಿಡ್ಡ ಬೋಲ್ಟು ಸರಿಯಾಗಿ ಕೂರುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ತೋರಿಸಿ ನೋಡಿ ತಗೊಳ್ಳಿ, ಬಲವಂತವಾಗಿ ತಿರುಗಿಸಬೇಡಿ. ಬೋಲ್ಟಿಗೊಂದು ಗಟ್ಟಿ ಹುರಿ ಕಟ್ಟಿ. ಹುರಿಯ ಇನ್ನೊಂದು ತುದಿಯನ್ನ ಕಾಲಡಿ ಮೆಟ್ಟಿಕೊಂಡು ಕ್ಯಾಮೆರಾವನ್ನ ಕಣ್ಣಿನ ಮಟ್ಟಕ್ಕೆ ಎಳೆದು ಬಿಗಿ ಮಾಡಿ. ಹುರಿ ಕೆಳಕ್ಕೆ ಎಳೆಯುತ್ತೆ, ನೀವು ಮೇಲಕ್ಕೆ ಎಳೀತೀರಿ, ಈ ಜಗ್ಗಾಟದಲ್ಲಿ ಕ್ಯಾಮೆರಾ ಮೇಲೂ ಹೋಗಲಾರದೆ ಕೆಳಗೂ ಬರಲಾರದೆ ಗಪ್‌ಚುಪ್! ಕೆಲಸ ಮುಗಿದ ಮೇಲೆ ಜೇಬಿಗೆ. ನಾನಂತೂ ಈ ಹುರಿ ಹಿಡಿದೇ 1/20ರವರೆಗೆ ಇಳೀತೀನಿ.

ಅವರ ಮೂರನೇ ಮಾತು ಮಾತ್ರ ಬರೆದಿಟ್ಟುಕೊಳ್ಳಬೇಕಾದ್ದು. “ದೀಪ ಕಾಣಬೇಕಾದರೆ ಕತ್ತಲೆಗೆ ಜಾಗ ಬಿಡು” ಅಂತಿದ್ದರು. ಕ್ಯಾಮೆರಾ ಒಳಗಿರೋ ಮೀಟರಿಗೆ ಬುದ್ಧಿ ಕಮ್ಮಿ. ಇಡೀ ಕಪ್ಪು ಹೊಳೆಯನ್ನ ನೋಡಿ ‘ಅಯ್ಯೋ ಕತ್ತಲೆ’ ಅಂತ ಗಾಬರಿ ಬಿದ್ದು ಬೆಳಕು ಜಾಸ್ತಿ ಮಾಡುತ್ತೆ. ಆಗ ತೆಪ್ಪದ ದೀಪಗಳೆಲ್ಲ ಸುಣ್ಣದ ಚುಕ್ಕೆಗಳಾಗಿಬಿಡುತ್ತವೆ. ಅದನ್ನ ಒಂದರಿಂದ ಎರಡು ಸ್ಟಾಪು ಇಳಿಸಿ. ದೀಪದ ಬಣ್ಣ ಉಳಿಯುತ್ತೆ, ಕತ್ತಲೆ ಕತ್ತಲೆಯಾಗೇ ಇರುತ್ತೆ. ಫೋನಿನವರಿಗೂ ಹೇಳ್ತೀನಿ. ನೈಟ್ ಮೋಡ್ ಆರಿಸಿ, ತೆರೆಯ ಮೇಲೆ ದೀಪ ಇರೋ ಜಾಗವನ್ನ ಬೆರಳಲ್ಲಿ ಮುಟ್ಟಿ. ಪಕ್ಕದಲ್ಲೊಂದು ಸಣ್ಣ ಸೂರ್ಯ ಬರುತ್ತಾನೆ. ಅವನನ್ನ ಕೆಳಕ್ಕೆ ಜಾರಿಸಿ. ನೋಡನೋಡ್ತಾ ಹೊಳೆ ಕಪ್ಪಾಗುತ್ತೆ, ದೀಪ ಹಳದಿಯಾಗುತ್ತೆ. ಕಾಸು ಖರ್ಚಿಲ್ಲ.

ಬೆಳಕಿನ ಮಾಂತ್ರಿಕರು

ಇಷ್ಟು ಹೇಳಿ ನಮ್ಮ ಸಿನಿಮಾದವರನ್ನ ನೆನೆಯದಿದ್ದರೆ ಈ ಪತ್ರಿಕೆಯಲ್ಲಿ ಬರೆಯೋಕೆ ನಾನು ಲಾಯಕ್ಕಲ್ಲ. ಕತ್ತಲೆಗೆ ಜಾಗ ಬಿಟ್ಟವರು ನಮ್ಮ ನಾಡಿನಲ್ಲೇ ಇದ್ದರು. ಮೈಸೂರಿನ ವಿ.ಕೆ. ಮೂರ್ತಿ ಬೊಂಬಾಯಿಗೆ ಹೋಗಿ ಗುರುದತ್ತರ ಕಣ್ಣಾದರು. 1959ರ ‘ಕಾಗಜ್ ಕೇ ಫೂಲ್’ನಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯೋ ಒಂದೇ ಒಂದು ಬೆಳಕಿನ ಕೋಲು ನೆನಪಿದೆಯೆ? ಅದು ದೊಡ್ಡ ದೀಪದ್ದಲ್ಲ. ಹೊರಗಿನ ಬಿಸಿಲನ್ನ ಕನ್ನಡಿ ಹಿಡಿದು ಒಳಗೆ ತಂದದ್ದು! 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ನಮ್ಮ ಮಲೆನಾಡಿನ ಕಥೆಗೆ ಬಂದರೆ, ಇದೇ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರಲ್ಲಿ ಬಂತು. ಸ್ವರ್ಣಕಮಲ ಗೆದ್ದ ಕಪ್ಪು ಬಿಳುಪಿನ ಚಿತ್ರ. ಕ್ಯಾಮೆರಾ ಎಸ್. ರಾಮಚಂದ್ರ ಅವರದು. ಆಗುಂಬೆಯಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗಲೂ ಕ್ಯಾಮೆರಾ ಹಿಂದೆ ಇದ್ದವರು ಅವರೇ. ಆಮೇಲೆ ಸಾಗರದ ನಾ. ಡಿಸೋಜರ ಕಾದಂಬರಿಯನ್ನ ಕಾಸರವಳ್ಳಿ ‘ದ್ವೀಪ’ ಮಾಡಿದರು. ಮುಳುಗಡೆಯ ನೀರು, ಮಳೆ, ಮಂಕು ಬೆಳಕು. ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ ಅದು. ಸೌಂದರ್ಯಾ ಅಭಿಮಾನಿಗಳು ಎಷ್ಟು ಸಲ ನೋಡಿದ್ದೀರೋ ಗೊತ್ತಿಲ್ಲ. ಇನ್ನೊಂದು ಸಲ ನೋಡಿ, ಈ ಸಲ ಸೌಂದರ್ಯಾ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ ನೋಡಿ. ಮುಖ ನೋಡಿದ ಹಾಗೂ ಆಯ್ತು, ಪಾಠ ಕಲಿತ ಹಾಗೂ ಆಯ್ತು.

ಪರದೇಶದ ಪವಾಡವೊಂದನ್ನ ಹೇಳಿ ಮುಂದೆ ಹೋಗೋಣ. 1975ರಲ್ಲಿ ಸ್ಟಾನ್ಲಿ ಕುಬ್ರಿಕ್ ‘ಬ್ಯಾರಿ ಲಿಂಡನ್’ ತೆಗೆದ. ಮೇಣದಬತ್ತಿಯ ಬೆಳಕಿನ ದೃಶ್ಯಗಳಿಗೆ ಮೇಣದಬತ್ತಿಯೇ ಬೆಳಕಾಗಬೇಕು ಅಂತ ಹಟ. ಚಂದ್ರಯಾನದ ನಾಸಾಕ್ಕೋಸ್ಕರ ಜೈಸ್ ಕಂಪನಿ ಮಾಡಿದ್ದ ಎಫ್ 0.7 ಲೆನ್ಸನ್ನ ತಂದು ಸಿನಿಮಾ ಕ್ಯಾಮೆರಾಕ್ಕೆ ಕೂರಿಸಿದ. ಎಫ್ 2ಕ್ಕಿಂತ ಎಂಟು ಪಟ್ಟು ಬೆಳಕು! ಆದರೆ ಫೋಕಸ್ಸು ಕೂದಲೆಳೆಯಷ್ಟು. ನಟರು ಕೂತಲ್ಲಿಂದ ಮುಂದಕ್ಕೆ ವಾಲಿದರೆ ಮುಖ ಮಂಜು. ನಮ್ಮ 50 ಎಂಎಂನಲ್ಲೂ ಹತ್ತಿರದ ಮುಖ ತೆಗೆಯುವಾಗ ಇದೇ ಫಜೀತಿ ಚಿಕ್ಕ ಅಳತೆಯಲ್ಲಿ ಆಗುತ್ತೆ. ಕಣ್ಣಿಗೆ ಫೋಕಸ್ ಮಾಡಿ, ಮೂಗು ಹೋದರೆ ಹೋಗಲಿ.

ಆ ರಾತ್ರಿ

ಜನವರಿ ಶುರುವಿನಲ್ಲಿ ತೀರ್ಥಹಳ್ಳಿಯಲ್ಲಿ ಸೂರ್ಯ ಮುಳುಗೋದು ಆರೂ ಕಾಲರ ಸುಮಾರಿಗೆ. ಆಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷ ಆಕಾಶ ಕಡು ನೀಲಿಯಾಗಿರುತ್ತೆ, ಅಷ್ಟೊತ್ತಿಗೆ ದೀಪಗಳೂ ಹತ್ತಿರುತ್ತವೆ. ಸೇತುವೆಯ ಕಮಾನುಗಳನ್ನೂ ಹೊಳೆಯೊಳಗಿನ ಬಂಡೆ ಮೇಲಿರೋ ರಾಮಮಂಟಪವನ್ನೂ ಆಕಾಶದ ಎದುರು ತೆಗೆಯೋದಾದರೆ ಆಗಲೇ ತೆಗೀಬೇಕು. ಪೂರಾ ಕತ್ತಲಾದ ಮೇಲೆ ಕಮಾನು ಆಕಾಶದೊಳಗೆ ಕರಗಿಹೋಗುತ್ತೆ. ಮಹಾರಾಜರ ಕಾಲದ ಸೇತುವೆ ಅದು. ಚಿತ್ರಕ್ಕೆ ಒಂದು ಗಾಂಭೀರ್ಯ ತಂದುಕೊಡುತ್ತೆ.

ನಾನು ದಂಡೆಯಲ್ಲಿ ಒಂದು ಕಂಬ ಹುಡುಕಿಕೊಂಡು, ಅದಕ್ಕೆ ಹೆಗಲು ಕೊಟ್ಟು ನಿಂತೆ. ಹುಡುಗರಿಗೆ ಒಂದು ಮಾತು: ರಾತ್ರಿ ಹೊಳೆ ಬಂಡೆ ಪಾಚಿಗಟ್ಟಿ ಜಾರುತ್ತೆ, ಕಣ್ಣು ಕ್ಯಾಮೆರಾದಲ್ಲಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ. ಇನ್ನೊಂದು ಮಾತು: ಸ್ನಾನಘಟ್ಟದ ಕಡೆ ಕ್ಯಾಮೆರಾ ತಿರುಗಿಸೋನು ಛಾಯಾಗ್ರಾಹಕ ಅಲ್ಲ, ಪೋಕರಿ. ಧರ್ಮದೇಟು ಬಿದ್ದರೆ ನಾನು ಬಿಡಿಸೋಕೆ ಬರೋಲ್ಲ.

ಚಳಿ ಏರ್ತಿತ್ತು. ಹೊಳೆ ಮೇಲೆ ತೆಳುವಾಗಿ ಇಬ್ಬನಿ. ಇಂಥ ಹೊತ್ತಲ್ಲಿ ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂತುಕೊಳ್ಳುತ್ತೆ, ಒರೆಸಿದರೆ ಮತ್ತೆ ಕೂರುತ್ತೆ. ಕ್ಯಾಮೆರಾವನ್ನ ಸ್ವೆಟರಿನೊಳಗೆ ಮೈಗೆ ತಾಗಿಸಿ ಬೆಚ್ಚಗೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕಡಲೆಕಾಯಿ ಗಾಡಿ, ಅದರ ಬಾಣಲೆಯ ಬಿಸಿ ನನ್ನ ಕಾಲಿಗೂ ಬರ್ತಿತ್ತು.

ತೆಪ್ಪ ಹೊರಟಿತು. ದಂಡೆ ಬಿಟ್ಟು ಕತ್ತಲ ಕಡೆ ಸರಿಯಿತು. ವಾದ್ಯದ ಸದ್ದು ನೀರಿನ ಮೇಲೆ ಬೇರೆಯದೇ ರೀತಿ ಕೇಳುತ್ತೆ ನೋಡಿ, ಹತ್ತಿರ ಇದ್ದರೂ ದೂರ, ದೂರ ಇದ್ದರೂ ಹತ್ತಿರ. ಐಎಸ್ಓ 1600, ಎಫ್ 2, ಶಟರು 1/50. ಯಾಕೆ 1/50 ಅಂದರೆ ಈಗಿನ ಎಲ್‌ಇಡಿ ಸೀರಿಯಲ್ ಸೆಟ್ಟುಗಳಲ್ಲಿ ಬಹುಪಾಲು ಸೆಕೆಂಡಿಗೆ ನೂರು ಸಲ ಮಿಣಕ್ ಮಿಣಕ್ ಅನ್ನುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗೋಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತೆ. ಶಟರು ತೀರಾ ಜೋರು ಮಾಡಿದರೆ ಅರ್ಧ ದೀಪ ಆರಿದ ಹಾಗೆ, ಪಟ್ಟೆ ಪಟ್ಟೆ ಬರುತ್ತೆ. 1/50 ಇಟ್ಟರೆ ಎರಡು ಮಿಣುಕು ಪೂರ್ತಿ ಒಳಗೆ ಬಂದು ಬೆಳಕು ಸಮ.

ಬಾಣಬಿರುಸು ಶುರುವಾದಾಗ ಎಲ್ಲರ ಕ್ಯಾಮೆರಾ ಆಕಾಶಕ್ಕೆ. ನಾನು ಆಕಾಶದ ಕಡೆ ತಿರುಗಲಿಲ್ಲ. ಆಕಾಶದ ಬಾಣಬಿರುಸು ಎಲ್ಲ ಊರಿನಲ್ಲೂ ಒಂದೇ, ಇದು ತೀರ್ಥಹಳ್ಳಿಯದು ಅಂತ ಯಾವ ಗುರುತೂ ಇಲ್ಲ. ಅದರ ಬೆಳಕು ಕೆಳಗೆ ಬಿದ್ದಾಗ ಜನರ ಮುಖ ಕೆಂಪಾಗಿ ಹಸಿರಾಗಿ ಒಂದು ಕ್ಷಣ ಕಂಡು ಮಾಯವಾಗುತ್ತಲ್ಲ, ಅದು ಇಲ್ಲಿನದು. ಹೆಗಲ ಮೇಲಿನ ಮಕ್ಕಳು ಬಾಯಿ ತೆರೆದಿರ್ತಾರೆ. ಎದುರಿಗೇ ಒಬ್ಬ ತಂದೆ ಮಗನನ್ನ ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ನನಗೆ ಬೆನ್ನು ಮಾಡಿ. ಬರೀ ಕಪ್ಪು ಆಕಾರ, ಯಾರು ಅಂತ ಗೊತ್ತಾಗೋ ಹಾಗಿಲ್ಲ. ಅವರಿಬ್ಬರ ಆಚೆ ಕಪ್ಪು ನೀರು, ನೀರಿನ ಮೇಲೆ ಉದ್ದುದ್ದ ಹಳದಿ ಗೆರೆ, ಗೆರೆಯ ತುದಿಯಲ್ಲಿ ತೆಪ್ಪ.

ತೆಪ್ಪ ಚಲಿಸುವಾಗ ತೆಗೆದರೆ ದೀಪಗಳು ಎಳೆದುಕೊಳ್ಳುತ್ತವೆ. ತಿರುಗೋ ಮುಂಚೆ ಅದು ಒಂದೆರಡು ಉಸಿರಿನಷ್ಟು ಹೊತ್ತು ನಿಂತಂತಾಗುತ್ತೆ. ಹುರಿ ಮೆಟ್ಟಿ ಕಾದೆ. ಮಗು ಕೈ ಎತ್ತಿ ತೋರಿಸಿತು. ನಾಲ್ಕು ಸಲ ಟಕ ಟಕ ಟಕ ಟಕ. ಮೂರನೇದು ನಿಂತಿತು.

ಗೋಡೆಯ ಮೇಲೆ

ಅದನ್ನ ದೊಡ್ಡದಾಗಿ, 12ಕ್ಕೆ 18 ಇಂಚು, ಮಿರುಗದ ಕಾಗದದ ಮೇಲೆ ಪ್ರಿಂಟು ಹಾಕಿಸಿದೆ. ಮಿರುಗೋ ಕಾಗದದ ಕಪ್ಪು ಭಾಗದಲ್ಲಿ ನೋಡೋನ ಮುಖವೇ ಕಾಣುತ್ತೆ, ಕನ್ನಡಿ ಹಾಗೆ. ಪ್ರಿಂಟಿನ ಅಂಗಡಿಯ ಹುಡುಗ “ತುಂಬಾ ಡಾರ್ಕಿದೆ ಸಾರ್, ಬ್ರೈಟ್ ಮಾಡ್ಲಾ?” ಅಂತ ಎರಡು ಸಲ ಕೇಳಿದ. ಬೇಡಪ್ಪಾ ಅಂತ ಎರಡು ಸಲ ಹೇಳಿದೆ. ನೀವೂ ಹೇಳಬೇಕಾಗುತ್ತೆ. ಇಲ್ಲದಿದ್ದರೆ ಒಂದು ಗುಂಡಿ ಒತ್ತಿ ನಿಮ್ಮ ರಾತ್ರಿಯನ್ನ ಬೆಳಗು ಮಾಡಿಬಿಡ್ತಾರೆ.

ಸ್ನೇಹಿತನ ಮನೆಗೆ ತಗೊಂಡು ಹೋದೆ. ಪಾಳಿ ಮುಗಿಸಿ ಬಂದು ಕಣ್ಣು ಕೆಂಪಗೆ ಕೂತಿದ್ದ. ಚಿತ್ರವನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ತೆಪ್ಪದ ಮಾತೆತ್ತಲಿಲ್ಲ. ಹೆಗಲ ಮೇಲಿನ ಹುಡುಗನ ಮೇಲೆ ಬೆರಳಿಟ್ಟ, ಏನೋ ಹೇಳೋಕೆ ಹೊರಟು ಸುಮ್ಮನಾದ. ಆಮೇಲೆ ಚಿತ್ರದ ಎಡ ಮೂಲೆಯಲ್ಲಿದ್ದ ಒಂದು ಸಣ್ಣ ಮಸುಕು ಬೆಳಕು ತೋರಿಸಿ ಕೇಳಿದ: “ಇದೆಂತ?”

“ಕಡಲೆಕಾಯಿ ಗಾಡಿ” ಅಂದೆ.

“ಹೌದನಾ! ಅಪ್ಪ ಮೊದಲು ಅಲ್ಲಿಗೇ ಕರಕೊಂಡು ಹೋಗ್ತಿದ್ದ” ಅಂತ ಮೊಳೆ ಹುಡುಕೋಕೆ ಎದ್ದ.